ಕತ್ತರಿ ರಜೆ

“ಏನಂದೆ? ಇನ್ನೊಂದ್ಸಲ ಹೇಳೋ. ಎಲ್ಲರಿಗೂ ಕೇಳೋ ಹಾಗೆ ಹೇಳು.”

ಉದ್ದ ಕಾಲಿನ ಆ ಹಮಾಲನಿಗೆ ಎಲ್ಲರೂ ಇಟ್ಟ ಹೆಸರು ಒಂಟೆ. ಅವನ ಬೆನ್ನ ಮೇಲೆ ಐವತ್ತು ಕಿಲೋ ಸಿಮೆಂಟಿನ ಚೀಲವಿತ್ತು. ಗೂಡ್ಸ್ ರೈಲಿನ ಡಬ್ಬಿಯಿಂದ ಇಳಿದು, ಹಲಗೆ ದಾಟಿ, ಶೆಡ್ಡಿನೊಳಗಿನ ಅಟ್ಟಿಯ ಕಡೆ ಅರ್ಧ ದಾರಿ ನಡೆದಿದ್ದವನನ್ನು ಧಣಿ ಕುರ್ಚಿಯಲ್ಲಿ ಕೂತಲ್ಲಿಂದಲೇ ಬೆರಳೆತ್ತಿ ನಿಲ್ಲಿಸಿದ್ದ. ರಜೆ ಕೇಳಿದವರನ್ನು ಚೀಲ ಹೊರಿಸಿಯೇ ನಿಲ್ಲಿಸಿ ಮಾತಾಡಿಸುವುದು ಧಣಿಯ ಪದ್ಧತಿ. ಮಾತು ಬೇಗ ಮುಗಿಯುತ್ತದೆ.

“ಹೇಳೋ ಬೋಳಿಮಗನೆ. ಬೀಜ ಒಡೆಸ್ಕೊಂಡು ಬರ್ತೀನಿ, ಏಳು ದಿನ ರಜಾ ಕೊಡಿ ಅಂದ್ಯಾ ಇಲ್ವಾ?”

“ಆಪರೇಷನ್ ಅಂದೆ ಧಣಿ.”

“ಎರಡೂ ಒಂದೇ. ಹೋರಿಗೆ ಮಾಡಿದ್ರೆ ಎತ್ತಾಗುತ್ತೆ. ನಿನಗೆ ಮಾಡಿದ್ರೆ ಏನಾಗ್ತೀಯೋ? ಆಮೇಲೆ ನಿನ್ನ ಹೆಂಡ್ತಿ ಯಾರ ಮನೆ ಬಾಗಿಲು ತಟ್ಟಬೇಕು?”

ಮೊದಲು ಮೇಸ್ತ್ರಿ ನಕ್ಕ. ಮೇಸ್ತ್ರಿ ನಕ್ಕ ಮೇಲೆ ಉಳಿದವರು ನಗದಿದ್ದರೆ ನಡೆಯುವುದಿಲ್ಲ. ಹಲಗೆಯ ಮೇಲಿದ್ದವರು, ಡಬ್ಬಿಯೊಳಗಿದ್ದವರು, ಅಟ್ಟಿಯ ಮೇಲೆ ಚೀಲ ಜೋಡಿಸುತ್ತಿದ್ದವರು, ಒಟ್ಟು ಇಪ್ಪತ್ತೊಂದು ಜನ ಹಮಾಲರು ಬೂದು ಮುಖದಲ್ಲಿ ಹಲ್ಲು ತೋರಿಸಿದರು. ಎಲ್ಲರೂ ನಿಲ್ಲಿಸಿದ ಮೇಲೂ ತೂತು ಚೀಲ ಒಬ್ಬನೇ ಹಿಹಿಹಿ ಅನ್ನುತ್ತಿದ್ದ. ಅವನಿಗೆ ಆ ಹೆಸರು ಬಂದದ್ದೇ ಒಳಗಿನದು ಯಾವುದೂ ಒಳಗೆ ನಿಲ್ಲುವುದಿಲ್ಲವೆಂದು.

ಶೆಡ್ಡಿನ ಮೂಲೆಯಲ್ಲಿ ಹರಿದ ಚೀಲಗಳ ರಾಶಿಯ ಮುಂದೆ ಕೂತು ಒಂಟೆಯ ಹೆಂಡತಿ ದಬ್ಬಣದಿಂದ ಹೊಲಿಯುತ್ತಿದ್ದಳು. ಅವಳು ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು, ಅಷ್ಟೆ.

“ವೇದಿಕೆ ಮೇಲೆ ನೀವೇ ಹೇಳಿದ್ರಲ್ಲ ಧಣಿ,” ಅಂದ ಒಂಟೆ. ಅವನು ಚೀಲವನ್ನು ಬೆನ್ನ ಮೇಲೆ ಒಮ್ಮೆ ಜರುಗಿಸಿಕೊಂಡ. “ಯಾರು ಮಾಡಿಸ್ಕೋತಾರೋ ಅವರಿಗೆ ಕೂಲಿ ಕೊಟ್ಟು ಏಳು ದಿನ ರಜಾ ಅಂತ.”

ಧಣಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಅದು ಭಾಷಣ ಕಣೋ! ಭಾಷಣಕ್ಕೆಲ್ಲ ಯಾರಾದ್ರೂ ರಜಾ ಕೊಡ್ತಾರಾ? ನಡಿ, ಚೀಲ ಇಳಿಸು.”

ಭಾಷಣ ಆಗಿ ಎಂಟು ದಿನವಾಗಿತ್ತು. ಆರೋಗ್ಯ ಇಲಾಖೆಯವರು ಇದೇ ಶೆಡ್ಡಿನಲ್ಲಿ ಕುಟುಂಬ ಯೋಜನೆಯ ಸಭೆ ಮಾಡಿದ್ದರು. ಸಿಮೆಂಟಿನ ಅಟ್ಟಿಗೆ ಬಣ್ಣದ ಬಟ್ಟೆ ಸುತ್ತಿ ವೇದಿಕೆಯಾಗಿತ್ತು. ದೊಡ್ಡ ಅಧಿಕಾರಿ ಬಂದಿದ್ದರು, ಪತ್ರಿಕೆಯವರು ಬಂದಿದ್ದರು. ಹಮಾಲರನ್ನು ನೆಲದ ಮೇಲೆ ಕೂರಿಸಿ, ಅವರ ತಲೆಯ ಮೇಲಿನಿಂದ ಧಣಿ ಮಾತಾಡಿದ್ದ. ಈ ಜನಕ್ಕೆ ಬೇರೆ ಮನರಂಜನೆ ಇಲ್ಲ, ಬೇಸರವಾದಾಗಲೆಲ್ಲ ಒಂದು ಮಗು ಮಾಡುತ್ತಾರೆ ಎಂದಿದ್ದ. ಅಧಿಕಾರಿ ನಕ್ಕಿದ್ದರು. ಆ ನಗುವಿನ ಹುಮ್ಮಸ್ಸಿನಲ್ಲೇ ಧಣಿ ರಜೆ ಘೋಷಿಸಿದ್ದ. ಹಮಾಲರಲ್ಲಿ ಒಬ್ಬನೂ ಮುಂದೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮರುದಿನ ಪತ್ರಿಕೆಯಲ್ಲಿ ಅವನ ಫೋಟೋ ಬಂತು, ಕೈ ಎತ್ತಿಕೊಂಡು.

*

ಗೂಡ್ಸ್ ಶೆಡ್ಡಿನ ಹಿಂದೆ, ಹಳಿಗಳ ಆಚೆ, ಹಮಾಲರ ತಗಡಿನ ಮನೆಗಳಿದ್ದವು. ಒಂದೇ ಸಾಲು, ಒಂದೇ ನಲ್ಲಿ. ಸಂಜೆ ಒಂಟೆ ಮನೆಯ ಹಿಂದೆ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಬೆವರಿಗೆ ಕಲೆತ ಸಿಮೆಂಟು ಕತ್ತಿನ ಸುತ್ತ ಗಟ್ಟಿಯಾಗಿತ್ತು. ಹೆಂಡತಿ ಎಣ್ಣೆ ಅದ್ದಿದ ಬಟ್ಟೆಯಿಂದ ಅದನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು. ಮೊದಲೇ ನೀರು ಹಾಕಿದರೆ ಚರ್ಮ ಸುಡುತ್ತದೆ.

“ಎಲ್ಲರೂ ನಕ್ಕರು,” ಅಂದ ಅವನು.

“ನಕ್ಕರೆ ಉದುರಿ ಬಿತ್ತಾ?”

“ಬಿಡು. ಅವನು ಒಪ್ಪಲ್ಲ. ನೀನೇ ಇನ್ನೊಂದ್ಸಲ ಆಸ್ಪತ್ರೆಗೆ ಹೋಗಿ ಕೇಳು.”

ಉಜ್ಜುತ್ತಿದ್ದ ಕೈ ನಿಂತಿತು. ಮೂರನೆಯ ಹೆರಿಗೆಯಲ್ಲಿ ಅವಳನ್ನು ಚಾಪೆಗೆ ಸುತ್ತಿ, ಸಿಮೆಂಟ್ ತಳ್ಳುವ ಕೈಗಾಡಿಯಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಹರಿದ ರಕ್ತ ಗಾಡಿಯ ಹಲಗೆಯಲ್ಲಿ ಇನ್ನೂ ಕಪ್ಪಗೆ ಇತ್ತು. ಆಮೇಲೆ ಸಂತಾನ ನಿಲ್ಲಿಸುವ ಆಪರೇಷನ್ನಿಗೆಂದು ಎರಡು ಸಲ ಹೋಗಿ ಮಲಗಿದ್ದಳು. ಮೈಯಲ್ಲಿ ರಕ್ತವಿಲ್ಲ, ಮಾಡಿದರೆ ಉಳಿಯುವುದಿಲ್ಲ ಎಂದು ಎರಡು ಸಲವೂ ಎಬ್ಬಿಸಿ ಕಳಿಸಿದ್ದರು. ಇನ್ನೊಂದು ಬಸಿರಾದರೆ ಬದುಕುವುದಿಲ್ಲ ಎಂದೂ ಹೇಳಿ ಕಳಿಸಿದ್ದರು.

“ನಾನು ಎರಡು ಸಲ ಹೋಗಿ ಅಂಗಾತ ಮಲಗಿ ಬಂದೆ,” ಅಂದಳು. “ನೀನು ಒಂದ್ಸಲ ಹೋಗಿ ಮಲಗು. ಸಿಸ್ಟರ್ ಏನಂದ್ರು? ಹೊಟ್ಟೆ ಸೀಳಬೇಕಾಗಿಲ್ಲ, ಹತ್ತು ನಿಮಿಷದ ಕೆಲಸ. ನೀನು ಬೀಡಿ ಸೇದೋಕೆ ಅದಕ್ಕಿಂತ ಜಾಸ್ತಿ ಹೊತ್ತು ತಗೋತೀಯ.”

“ಆಮೇಲೆ ಏನಾದ್ರೂ...” ಒಂಟೆ ತಗ್ಗಿದ ದನಿಯಲ್ಲಿ ಅಂದ, “ಏನಾದ್ರೂ ಕಮ್ಮಿ ಆದ್ರೆ?”

“ಈಗೇನು ಬಹಳ ಇದೆಯಾ? ಆರು ತಿಂಗಳಿಂದ ನಮ್ಮಿಬ್ಬರ ಮಧ್ಯೆ ಮೂರು ಮಕ್ಕಳನ್ನ ಗೋಡೆ ಕಟ್ಟಿದ ಹಾಗೆ ಮಲಗಿಸ್ತಿದೀನಿ. ಯಾಕೆ ಅಂದ್ಕೊಂಡಿದೀಯ? ನಿನ್ನ ಮೇಲೆ ಮುನಿಸಿಗಾ?” ಅವಳು ತಂಬಿಗೆಯ ನೀರನ್ನು ಅವನ ನೆತ್ತಿಯ ಮೇಲೆ ಒಮ್ಮೆಲೆ ಸುರಿದಳು. “ನೀನು ಮಾಡಿಸ್ಕೊಂಡು ಬಾ. ಗೋಡೆ ನಾನೇ ಕೆಡವ್ತೀನಿ.”

ಒಂಟೆ ಮುಖದ ನೀರು ಒರೆಸಿಕೊಳ್ಳುತ್ತ ತಿರುಗಿ ನೋಡಿದ. ಅವಳು ನಗುತ್ತಿದ್ದಳು. ತೀರ್ಮಾನ ಆಗಲೇ ಆಯಿತು.

ಮರುವಾರ ರೈಲಿಲ್ಲದ ಒಂದು ದಿನ ಅವನು ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದ. ಹೋದ ಕೆಲಸ ಮುಗಿದದ್ದೇ ಅವನಿಗೆ ತಿಳಿಯಲಿಲ್ಲ. ಒಂದು ಸೂಜಿ ಚುಚ್ಚಿದರು, ಯಾರೋ ಮೆಲ್ಲಗೆ ಜಗ್ಗಿದ ಹಾಗಾಯಿತು, ಡಾಕ್ಟರು ಏಳಪ್ಪಾ ಅಂದರು. ಅವನು ಮಲಗಿಕೊಂಡೇ ಇದ್ದ. ಇನ್ನೂ ಶುರುವಾಗಿಲ್ಲ ಅಂದುಕೊಂಡಿದ್ದ.

ಸಿಸ್ಟರ್ ಅವನನ್ನು ಬೆಂಚಿನ ಮೇಲೆ ಕೂರಿಸಿ ಮೂರು ಮಾತು ಹೇಳಿದರು. ಏಳು ದಿನ ಭಾರ ಎತ್ತಬಾರದು. ಮೂರು ತಿಂಗಳು ಜೋಪಾನವಾಗಿರಬೇಕು, ಇವತ್ತೇ ಎಲ್ಲ ನಿಂತುಹೋಯಿತು ಅಂದುಕೊಳ್ಳಬಾರದು. ಮೂರು ತಿಂಗಳಾದ ಮೇಲೆ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು.

“ನನ್ನ ಪುಸ್ತಕದಲ್ಲಿ ಗಂಡಸರ ಪಟ್ಟೀಲಿ ನಾಲ್ಕು ವರ್ಷದಲ್ಲಿ ನೀನೇ ಮೊದಲನೆಯವನು ಕಣಪ್ಪಾ,” ಅಂದರು ಸಿಸ್ಟರ್, ಅವನ ಹೆಸರು ಬರೆಯುತ್ತ. ಪ್ರತಿ ತಿಂಗಳ ಮೀಟಿಂಗಿನಲ್ಲಿ ದೊಡ್ಡ ಅಧಿಕಾರಿ ಅವರನ್ನು ಎಬ್ಬಿಸಿ ನಿಲ್ಲಿಸಿ, ಆ ಖಾಲಿ ಪಟ್ಟಿಯನ್ನು ಎಲ್ಲರೆದುರು ಓದಿಸುತ್ತಿದ್ದರು. ಸೊನ್ನೆ, ಸೊನ್ನೆ, ಸೊನ್ನೆ.

*

ಮರುದಿನ ಬೆಳಿಗ್ಗೆಯೇ ನಲವತ್ತು ಡಬ್ಬಿಯ ರೈಲು ಬಂತು. ಗೊತ್ತುಮಾಡಿದ ಗಂಟೆಯೊಳಗೆ ಅದನ್ನು ಖಾಲಿ ಮಾಡದಿದ್ದರೆ ರೈಲ್ವೆಯವರು ಧಣಿಗೆ ದಂಡ ಹಾಕುತ್ತಾರೆ. ಮೇಸ್ತ್ರಿ ತಗಡಿನ ಬಾಗಿಲುಗಳನ್ನೆಲ್ಲ ಕೋಲಿನಿಂದ ಬಡಿಯುತ್ತ ಬಂದ. ಒಂಟೆ ಏಳು ದಿನದ ಚೀಟಿ ತೋರಿಸಿದ. ಮೇಸ್ತ್ರಿಗೆ ಓದು ಬಾರದು. ಚೀಟಿ ಧಣಿಗೆ ಹೋಯಿತು.

ಧಣಿ ಅದನ್ನು ಎರಡು ಸಲ ಓದಿ, ಮಡಚಿ, ಅದರ ಚೂಪು ತುದಿಯಿಂದ ಹಲ್ಲಿನ ಸಂದು ಕೆದಕಿಕೊಂಡ.

“ಒಡೆಸ್ಕೊಂಡೇ ಬಂದ್ಯಲ್ಲೋ, ಹಲ್ಕಾ ನನ್ಮಗನೆ! ಬಾ, ಇಲ್ಲಿ ಬಾ. ಗಂಡು ಹಮಾಲನಾ, ಅಲ್ಲ ಹೆಣ್ಣು ಹಮಾಲಿಯಾ, ನೋಡೇ ಬಿಡೋಣ. ಮೇಸ್ತ್ರಿ, ಇವತ್ತು ಇವನಿಗೆ ಒಂದೊಂದಲ್ಲ, ಎರಡೆರಡು ಚೀಲ ಹೊರಿಸು. ಇಲ್ಲ ಅಂದ್ರೆ ಸಾಯಂಕಾಲದೊಳಗೆ ಮನೆ ಖಾಲಿ ಮಾಡಿ, ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೊರಡಲಿ.”

ಒಂಟೆ ಗೋಣಿಯ ಕೊಪ್ಪೆಯನ್ನು ತಲೆಗೆ ಹಾಕಿಕೊಂಡ. ಮೊದಲ ಜೋಡಿ ಹೊತ್ತ, ಎರಡನೆಯದು ಹೊತ್ತ. ಅಟ್ಟಿಯ ಮೇಲಿಂದ ಅಜ್ಜ, ಆ ಶೆಡ್ಡಿನ ಎಲ್ಲರಿಗಿಂತ ಹಳೆಯ ಹಮಾಲ, “ಸಾಕು ಬಿಡೋ ಮಗಾ” ಅನ್ನುತ್ತಿದ್ದ. ಆರನೆಯ ಜೋಡಿಗೆ ಒಂಟೆ ಹಲಗೆಯ ಮೇಲೆಯೇ ನಿಂತ. ಮುಖದ ಮೇಲೆ ಸಿಮೆಂಟಿದ್ದದ್ದರಿಂದ ಬಿಳಿಚಿಕೊಂಡದ್ದು ಯಾರಿಗೂ ಕಾಣಲಿಲ್ಲ. ಎರಡೂ ಚೀಲಗಳ ಸಮೇತ ಅವನು ಪಕ್ಕಕ್ಕೆ ವಾಲಿ ಹಳಿಗಳ ನಡುವೆ ಬಿದ್ದ.

ಸಂಜೆಗೆ ಅವನ ಬೀಜಗಳು ತೆಂಗಿನಕಾಯಿಯಷ್ಟಾಗಿ ಕಪ್ಪಗಾಗಿದ್ದವು.

“ನೋಡಿಕೊಳ್ರಪ್ಪಾ,” ಅಂದ ಧಣಿ ಎಲ್ಲರಿಗೂ. “ಸರ್ಕಾರದ ಕತ್ತರಿಗೆ ಕೊಟ್ಟರೆ ಗಂಡಸಿನ ಗತಿ ಏನಾಗುತ್ತೆ ಅಂತ ಕಣ್ಣಾರೆ ನೋಡಿಕೊಳ್ಳಿ.”

ಈ ಸುದ್ದಿಯನ್ನು ಆಸ್ಪತ್ರೆಯವರೆಗೆ ಮುಟ್ಟಿಸಿದವನು ತೂತು ಚೀಲ. ಅವನ ಬಾಯಲ್ಲಿ ತೆಂಗಿನಕಾಯಿ ದಾರಿಯಲ್ಲೇ ಕುಂಬಳಕಾಯಿಯಾಗಿತ್ತು. ಸಿಸ್ಟರ್ ಓಡಿ ಬಂದರು. ಒಂಟೆಯನ್ನು ನೋಡಿ, ಔಷಧಿ ಕೊಟ್ಟು, ಅವನಿಗಿಂತ ಹೆಚ್ಚಾಗಿ ನೆರೆದವರನ್ನು ಬೈದರು.

“ಕತ್ತರಿಯಿಂದ ಆದದ್ದಲ್ಲ ಇದು, ಚೀಲದಿಂದ ಆದದ್ದು! ಒಂದು ವಾರ ಸುಮ್ಮನೆ ಮಲಗಿದ್ದಿದ್ರೆ ಏನೂ ಆಗ್ತಿರ್ಲಿಲ್ಲ. ಎರಡು ವಾರದಲ್ಲಿ ಇಳಿಯುತ್ತೆ, ಸಾಯಲ್ಲ. ನಿಮ್ಮ ಧಣಿ ಏನು ಹೇಳಿದ್ದ ಅವತ್ತು ವೇದಿಕೆ ಮೇಲೆ? ಪೇಪರಲ್ಲಿ ಬಂದಿದೆ. ನನ್ನ ಫೈಲಲ್ಲಿ ಅಂಟಿಸಿ ಇಟ್ಟಿದೀನಿ. ಇನ್ನು ಯಾವ ಗಂಡಸು ಬರ್ತಾನೆ ನನ್ನ ಹತ್ರ? ಮತ್ತೆ ಸೊನ್ನೆ!”

ಒಂಟೆಯ ಹೆಂಡತಿ ಗಂಡನ ತಲೆಯ ಬಳಿ ಕೂತಿದ್ದಳು. “ಆ ಪೇಪರು ಕೊಡ್ತೀರಾ ಸಿಸ್ಟರ್?” ಎಂದು ಕೇಳಿದಳು.

“ನಿನಗೆ ಓದೋಕೆ ಬರುತ್ತಾ?”

“ಇಲ್ಲ. ಹಿಡ್ಕೊಳ್ಳೋಕೆ ಬರುತ್ತೆ.”

*

ಮರುದಿನ ನಲ್ಲಿಯ ಹತ್ತಿರ ಬಿಂದಿಗೆಗಳು ತುಂಬಿ ಹರಿದರೂ ಯಾರೂ ಎತ್ತಿಕೊಳ್ಳಲಿಲ್ಲ. ಒಂಟೆಯ ಹೆಂಡತಿ ಪೇಪರು ಹಿಡಿದು ನಿಂತಿದ್ದಳು.

“ಒಬ್ಬ ಮಲಗಿದ. ಒದ್ದು ಎಬ್ಬಿಸಿದ್ರು,” ಅಂದಳು. “ಎಲ್ಲರೂ ಒಟ್ಟಿಗೆ ಮಲಗಿದ್ರೆ ಯಾರನ್ನ ಅಂತ ಒದೀತಾನೆ? ಕಾಲು ನೋಯಲ್ವಾ?”

ತೂತು ಚೀಲನ ಹೆಂಡತಿಗೆ ನಾಲ್ಕು ಮಕ್ಕಳು, ಐದನೆಯದು ಆರನೇ ತಿಂಗಳಲ್ಲೇ ಹೋಗಿತ್ತು. ಚೀಲ ಹೊಲಿಯುವಾಗಲೇ ಅದು ಹೋದದ್ದು. ಅವಳು ಸೆರಗನ್ನು ಸೊಂಟಕ್ಕೆ ಬಿಗಿದು ಕೇಳಿದಳು: “ನಮ್ಮನೇದು ಒಪ್ಪುತ್ತಾ ಅಕ್ಕಾ? ಸೂಜಿ ಅಂದ್ರೆ ಅಳುತ್ತೆ ಅದು.”

“ಒಪ್ಪೋವರೆಗೆ ಮಕ್ಕಳನ್ನ ಮಧ್ಯ ಮಲಗಿಸು.”

“ಅದು ಮಕ್ಕಳನ್ನ ದಾಟಿ ಬರುತ್ತೆ!”

“ಹಾಗಾದ್ರೆ ಅತ್ತೇನ ಮಲಗಿಸು.”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆದರೆ ಆ ವಾರ ತಗಡಿನ ಸಾಲಿನ ಒಂದೊಂದು ಮನೆಯಲ್ಲೂ ಮಲಗುವ ಜಾಗಗಳು ಬದಲಾದವು. ಅಜ್ಜಿಯರಿಗೆ ಏನು ನಡೆಯುತ್ತಿದೆಯೆಂದು ಚೆನ್ನಾಗಿ ಗೊತ್ತಿತ್ತು. ಅವರು ಬೇಕೆಂದೇ ಕೈಕಾಲು ಅಗಲಿಸಿ ಮಲಗಿದರು.

ಗಂಡಸರು ಒಬ್ಬೊಬ್ಬರಾಗಿ ಒಂಟೆಯನ್ನು ನೋಡುವ ನೆವದಲ್ಲಿ ಬಂದರು. ಊತ ಇಳಿಯುತ್ತಿತ್ತು. ಹತ್ತನೆಯ ದಿನ ಅವನು ಎದ್ದು ನಡೆದಾಡಿದ. ಸಿಸ್ಟರ್ ಅವನ ಮನೆಯ ಹೊಸ್ತಿಲಲ್ಲೇ ಕೂತು, ಬಂದವರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು.

“ಮೀಸೆ ಉದುರುತ್ತಾ?”

“ಇಲ್ಲ.”

“ದನಿ ಹೆಂಗಸರ ಥರ ಆಗುತ್ತಂತೆ?”

“ಒಂಟೆ ದನಿ ಹೇಗಿದೆ? ಅಲ್ಲಿ ಕಟ್ಟೋದು ಒಂದು ಸಣ್ಣ ನಾಳ. ಬೀಜ ಇದ್ದಲ್ಲೇ ಇರುತ್ತೆ, ಬಲ ಇದ್ದ ಹಾಗೇ ಇರುತ್ತೆ, ಆಸೆ ಕೂಡ ಅಷ್ಟೇ.”

“ಅದು... ನಿಲ್ಲುತ್ತಾ?” ಕೇಳಿದವನು ತೂತು ಚೀಲ.

“ಮೊದಲು ನಿಲ್ತಿದ್ರೆ ಆಮೇಲೂ ನಿಲ್ಲುತ್ತೆ.”

ಒಳಗಿನಿಂದ ತೂತು ಚೀಲನ ಹೆಂಡತಿಯ ನಗು ಕೇಳಿಸಿತು. ಆದರೂ ಸಿಸ್ಟರ್ ಗಂಭೀರವಾಗಿಯೇ ಒಂದು ಮಾತನ್ನು ಪ್ರತಿಯೊಬ್ಬನಿಗೂ ಹೇಳಿದರು. ಇದು ಮಾಡಿಸಿಕೊಂಡ ಮೇಲೆ ಬೇಡ ಅಂದರೆ ಹಿಂದಕ್ಕೆ ಬರುವುದಲ್ಲ. ರಜೆಯ ಆಸೆಗೆ ಯಾರೂ ಬರಬೇಡಿ. ಮಕ್ಕಳು ಸಾಕು ಅಂತ ಗಂಡಹೆಂಡತಿ ಇಬ್ಬರಿಗೂ ಅನ್ನಿಸಿದ್ದರೆ ಮಾತ್ರ ಬನ್ನಿ. ಮದುವೆಯಾಗದ ಮೂವರನ್ನು, ಒಂದೇ ಮಗುವಿದ್ದ ಮೂವರನ್ನು ಅವರೇ ಕೈಬಿಟ್ಟರು. ಹದಿನಾಲ್ಕು ಜನ ಹೆಬ್ಬೆಟ್ಟು ಒತ್ತಿದರು. ಉಳಿದವನು ಅಜ್ಜ.

“ನಿಮ್ಮ ಹೆಂಡತಿಗೆ ಎಷ್ಟು ವಯಸ್ಸು ಅಜ್ಜ?”

“ನನಗಿಂತ ಸ್ವಲ್ಪ ಕಮ್ಮಿ. ಅರವತ್ತಿರಬೇಕು.”

“ಮತ್ತೆ ನಿಮಗೆ ಇದು ಯಾಕೆ?”

“ನಲವತ್ತು ವರ್ಷದಿಂದ ಏಳು ದಿನ ಒಂದೇ ಸಮ ಮಲಗಿಲ್ಲ ತಾಯಿ,” ಅಂದ ಅಜ್ಜ. “ಎಲ್ಲಿ ಬೇಕಾದ್ರೂ ಕತ್ತರಿಸು.”

ಸಿಸ್ಟರ್ ಪೆನ್ನಿನ ತುದಿ ಕಚ್ಚುತ್ತ ನಿಯಮದ ಪುಸ್ತಕ ತಿರುವಿದರು. ಆಪರೇಷನ್ ಆದವರನ್ನು ನೋಡಿಕೊಳ್ಳಲು ಜೊತೆಗೊಬ್ಬರು ಇರಬಹುದೆಂದು ಅದರಲ್ಲಿತ್ತು. ಅವರು ಇನ್ನೊಂದು ಹಾಳೆ ತೆಗೆದು, ಅಜ್ಜನನ್ನೂ ಕೈಬಿಟ್ಟ ಆರು ಜನರನ್ನೂ ರೋಗಿಗಳನ್ನು ನೋಡಿಕೊಳ್ಳುವವರು ಎಂದು ಬರೆದುಕೊಂಡರು, ಒಂಟೆಯ ಚೀಟಿಯನ್ನೂ ಮುಂದುವರಿಸಿದರು. ಏಳು ದಿನ.

ಅದಕ್ಕೆ ಕತ್ತರಿ ರಜೆ ಎಂದು ಹೆಸರಿಟ್ಟವನು ಅಜ್ಜನೇ. ಅದೇನೋ ಪವಾಡ, ಈ ಮಾತೊಂದು ತೂತು ಚೀಲನೊಳಗೆ ನಿಂತಿತು. ಬಾಯಿ ಬಿಟ್ಟರೆ ನಿನ್ನ ಅವ್ವನನ್ನು ಊರಿನಿಂದ ಕರೆಸಿ, ವರ್ಷವಿಡೀ ನಡುವೆ ಮಲಗಿಸುತ್ತೇನೆ ಎಂದು ಹೆಂಡತಿ ಹೇಳಿದ್ದಳು.

*

ಆಸ್ಪತ್ರೆಯ ಆಪರೇಷನ್ ಶಿಬಿರಕ್ಕೆ ಮುಖ್ಯ ಅತಿಥಿಯಾಗಿ ಬರಬೇಕೆಂದು ಸಿಸ್ಟರ್ ಧಣಿಯನ್ನು ಖುದ್ದಾಗಿ ಹೋಗಿ ಕರೆದರು. ದೊಡ್ಡ ಅಧಿಕಾರಿ ಬರುತ್ತಾರೆ, ಪತ್ರಿಕೆಯವರೂ ಬರುತ್ತಾರೆ ಅಂದರು. ಯಾರ ಶಿಬಿರ ಎಂದು ಧಣಿ ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

ಆಸ್ಪತ್ರೆಯ ಉದ್ದನೆಯ ಕೋಣೆಯ ಬಾಗಿಲಲ್ಲಿ ಅಧಿಕಾರಿ ಅವನ ಎರಡೂ ಕೈಗಳನ್ನು ಹಿಡಿದುಕೊಂಡರು. “ಬನ್ನಿ, ಬನ್ನಿ! ಮಾತು ಕೊಟ್ಟ ಹಾಗೆ ನಡೆದುಕೊಳ್ಳೋರು ಈಗ ಎಲ್ಲಿದ್ದಾರೆ ಹೇಳಿ! ನಮ್ಮ ಇಡೀ ವಿಭಾಗದಲ್ಲಿ ಹೀಗೆ ಆಗಿಲ್ಲ. ಒಂದೇ ದಿನ, ಒಂದೇ ಜಾಗದ ಹದಿನಾಲ್ಕು ಗಂಡಸರು!”

ಧಣಿ ಒಳಗೆ ನೋಡಿದ. ಸಾಲು ಮಂಚಗಳ ಮೇಲೆ ಹಸಿರು ಬಟ್ಟೆ ಹೊದ್ದು ಅವನ ಹಮಾಲರು ಅಂಗಾತ ಮಲಗಿದ್ದರು. ಸಿಮೆಂಟು ತೊಳೆದ ಅವರ ಮುಖಗಳು ತಟ್ಟನೆ ಗುರುತು ಹತ್ತಲಿಲ್ಲ. ಮೊದಲು ಗುರುತಾದದ್ದು ತೂತು ಚೀಲ. ಸೂಜಿಗೆ ಅತ್ತು ಅತ್ತು ಅವನ ಕಣ್ಣು ಕೆಂಪಾಗಿದ್ದವು. ಆದರೂ ಕೈ ಎತ್ತಿ, “ನಮಸ್ಕಾರ ಧಣಿ, ನಿಮ್ಮ ಆಶೀರ್ವಾದ” ಅಂದ.

ಮಂಚದಿಂದ ಮಂಚಕ್ಕೆ ನಮಸ್ಕಾರ ಹಬ್ಬಿತು. ಪತ್ರಿಕೆಯವನು ಫೋಟೋ ತೆಗೆದ.

“ಏಳು ದಿನ ಇವರಿಗೆ ಕೂಲಿ ಕೊಟ್ಟು ರಜೆ ಕೊಡ್ತಾರೆ ಇವರು,” ಎಂದು ಅಧಿಕಾರಿ ಪತ್ರಿಕೆಯವನಿಗೆ ಹೇಳಿದರು. “ಬರ್ಕೊಳ್ಳಿ. ಹೌದಲ್ವಾ?”

ಧಣಿಯ ಬಾಯಿ ತೆರೆದುಕೊಂಡಿತು. ಮೂಲೆಯಲ್ಲಿ ಒಂಟೆಯ ಹೆಂಡತಿ ಹಳೆಯ ಪೇಪರನ್ನು ಎದೆಯ ಮೇಲೆ ಹರಡಿ ಹಿಡಿದು ನಿಂತಿದ್ದಳು. ಅದರಲ್ಲೂ ಅವನ ಬಾಯಿ ಹಾಗೆಯೇ ತೆರೆದಿತ್ತು.

“ಹೌದು,” ಅಂದ ಧಣಿ. “ಹೌದೌದು.”

*

ರಜೆಯ ಎರಡನೆಯ ದಿನ ನಲವತ್ತು ಡಬ್ಬಿಯ ರೈಲು ಬಂದು ನಿಂತಿತು. ಅದು ಬರುವ ದಿನವನ್ನು ಹಳಿ ಕಾಯುವವನು ಒಂಟೆಗೆ ಹತ್ತು ದಿನ ಮೊದಲೇ ಹೇಳಿದ್ದ. ಒಂಟೆ ಅದನ್ನು ಸಿಸ್ಟರಿಗೆ ಹೇಳಿರಲಿಲ್ಲ, ಹೆಂಡತಿಗೆ ಮಾತ್ರ ಹೇಳಿದ್ದ. ಶಿಬಿರದ ದಿನ ಆರಿಸಿದವಳು ಅವಳೇ.

ಶೆಡ್ಡು ಖಾಲಿ. ಇಂಜಿನ್ನು ಕೂಗಿತು, ಮತ್ತೆ ಕೂಗಿತು. ಮೇಸ್ತ್ರಿ ಬಾಗಿಲುಗಳನ್ನು ಬಡಿದ. ಪ್ರತಿ ಬಾಗಿಲಲ್ಲೂ ಒಂದು ಹೆಂಗಸು ನಿಂತು, ತುಟಿಗೆ ಬೆರಳಿಟ್ಟು, “ಮೆಲ್ಲಗೆ. ಮಲಗಿದಾರೆ” ಅಂದಳು. ನೋಡಿಕೊಳ್ಳುವವರ ಕಡೆ ಹೋದರೆ ಅಜ್ಜ ಹಾಸಿಗೆಯ ಮೇಲಿಂದಲೇ, “ನಾನು ರೋಗಿ ನೋಡ್ಕೋತಿದೀನಿ” ಅಂದ. ಅವನ ಕಣ್ಣು ಮುಚ್ಚಿದ್ದವು.

ಕೊನೆಗೆ ಧಣಿಯೇ ಬಂದ. ಜೊತೆಗೆ ಇನ್ಸ್‌ಪೆಕ್ಟರನ್ನು ಕರೆತಂದಿದ್ದ. ಹಮಾಲರು ಒಬ್ಬೊಬ್ಬರಾಗಿ ಹೊರಬಂದು, ಕಾಲು ಅಗಲಿಸಿ ಬಾತುಕೋಳಿಯ ಹಾಗೆ ಹೆಜ್ಜೆ ಹಾಕಿ, ಸಾಲಾಗಿ ನಿಂತರು.

“ಮುಷ್ಕರ ಮಾಡ್ತಿದೀರಂತೆ?” ಅಂದ ಇನ್ಸ್‌ಪೆಕ್ಟರು.

“ಇಲ್ಲ ಸ್ವಾಮಿ,” ಅಂದ ಒಂಟೆ. “ಸರ್ಕಾರಿ ಕಾರ್ಯಕ್ರಮ.”

“ನಾಟಕ ಸಾರ್ ಇದು!” ಧಣಿ ಕಿರುಚಿದ. “ಎಲ್ಲರಿಗೂ ಆಗಿಲ್ಲ. ಸುಳ್ಳು ಚೀಟಿ ಬರೆಸ್ಕೊಂಡಿದಾರೆ ಸೂಳೆಮಕ್ಕಳು. ಏಯ್, ಬಿಚ್ರೋ ಲುಂಗಿ! ಯಾರಿಗೆ ಕತ್ತರಿ ಬಿದ್ದಿದೆ, ಯಾರಿಗಿಲ್ಲ, ಈಗಲೇ ನೋಡ್ತೀನಿ.”

ಯಾರೂ ಅಲುಗಲಿಲ್ಲ. ಹೆಂಗಸರು ಮಕ್ಕಳ ಮುಖಗಳನ್ನು ಸೆರಗಿಗೆ ಒತ್ತಿಕೊಂಡರು. ಅಲ್ಲಿಯವರೆಗೆ ತುಟಿಯಲ್ಲಿ ನಗು ಅದುಮಿಕೊಂಡಿದ್ದ ಹಮಾಲರ ಮುಖ ಗಟ್ಟಿಯಾಯಿತು. ತೂತು ಚೀಲ ನೆಲ ನೋಡಿದ. ಅವನ ಮಗಳು ಬಾಗಿಲಲ್ಲಿ ನಿಂತಿದ್ದಳು.

ಒಂಟೆ ಸಾಲಿನಿಂದ ಎರಡು ಹೆಜ್ಜೆ ಮುಂದೆ ಬಂದ. ಧಣಿಗೂ ಅವನಿಗೂ ಮಧ್ಯೆ ಒಂದು ಮೊಳ ಜಾಗವಿತ್ತು. ಚೀಲವಿಲ್ಲದೆ ನಿಂತಾಗ ಒಂಟೆ ಎಷ್ಟು ಎತ್ತರ ಎಂಬುದು ಧಣಿಗೆ ಅಂದೇ ತಿಳಿದಿರಬೇಕು. ಅವನು ಕತ್ತೆತ್ತಿ ನೋಡಬೇಕಾಯಿತು.

“ನೋಡಿ,” ಎಂದು ಒಂಟೆ ಲುಂಗಿಯ ಗಂಟಿಗೆ ಕೈ ಹಾಕಿದ. “ಆದರೆ ಹತ್ತಿರ ಬಂದು, ಬಗ್ಗಿ ನೋಡಬೇಕು ಧಣಿ. ಗಾಯ ಬಹಳ ಚಿಕ್ಕದು. ಹದಿನೈದು ಜನದ್ದೂ ಒಂದೊಂದಾಗಿ ನೋಡಬೇಕು. ಮಂಡಿ ಊರ್ಕೊಂಡು ನೋಡಿದ್ರೆ ಸರಿಯಾಗಿ ಕಾಣುತ್ತೆ.”

ಇನ್ಸ್‌ಪೆಕ್ಟರು ಕೆಮ್ಮಿದ. ಹಿಂದಿನಿಂದ ಒಂದು ಹೆಂಗಸಿನ ಕಿಸಕ್ಕನೆಯ ನಗು ಬಂತು, ಅದರ ಹಿಂದೆ ಇನ್ನೊಂದು. ಆಮೇಲೆ ಅದನ್ನು ಹಿಡಿಯಲಾಗಲಿಲ್ಲ. ಕಾಲು ಅಗಲಿಸಿ ನಿಂತಿದ್ದ ಹದಿನಾಲ್ಕು ಗಂಡಸರು ನಕ್ಕರೆ ಹೊಲಿಗೆ ಎಳೆಯುತ್ತದೆಂದು ಎರಡೂ ಕೈಗಳಿಂದ ಹಿಡಿದುಕೊಂಡು ನಕ್ಕರು, ಅಯ್ಯೋ ಅಯ್ಯೋ ಅನ್ನುತ್ತ ನಕ್ಕರು. ಈ ಸಲ ಮೇಸ್ತ್ರಿ ನಗಲಿಲ್ಲ.

“ಇದು ನನ್ನ ಕೇಸಲ್ಲ,” ಎಂದು ಇನ್ಸ್‌ಪೆಕ್ಟರು ಟೋಪಿ ಸರಿಮಾಡಿಕೊಂಡು ಹೊರಟ. “ನಾಳೆ ಪೇಪರಲ್ಲಿ ನನ್ನ ಫೋಟೋನೂ ಬರೋದು ಬೇಡ.”

“ಎಂಟನೇ ದಿನ ನಿಮ್ಮಲ್ಲಿ ಒಬ್ಬನೂ ಈ ಶೆಡ್ಡಿಗೆ ಕಾಲಿಡೋ ಹಾಗಿಲ್ಲ,” ಅಂದ ಧಣಿ. ಅವನ ದನಿ ಈಗ ತಗ್ಗಿತ್ತು. ಕಿರುಚಾಟಕ್ಕಿಂತ ಅದು ಕೆಟ್ಟದ್ದೆಂದು ಎಲ್ಲರಿಗೂ ಗೊತ್ತಿತ್ತು. “ಮನೆ, ತಗಡು, ನಲ್ಲಿ, ಎಲ್ಲ ನನ್ನದು. ನೆನಪಿರಲಿ.”

ನಗು ಕಡಿಮೆಯಾಯಿತು. ಧಣಿ ಹಳಿ ದಾಟಿ ಹೋದ.

ಮಧ್ಯಾಹ್ನದ ಹೊತ್ತಿಗೆ ಅವನ ಲಾರಿ ದೂರದ ಇನ್ನೊಂದು ಶೆಡ್ಡಿನಿಂದ ಹಮಾಲರನ್ನು ತುಂಬಿಕೊಂಡು ಬಂತು. ಮೂವತ್ತು ಜನ, ಅವರೂ ಬೂದು ಬಣ್ಣದವರೇ. ಅವರು ಇಳಿದು, ಕೊಪ್ಪೆ ಹಾಕಿಕೊಂಡು, ಮೊದಲ ಡಬ್ಬಿಯ ಬಾಗಿಲು ತೆಗೆದರು. ಧಣಿ ಕುರ್ಚಿ ತರಿಸಿಕೊಂಡು ಕೂತ.

ಒಂಟೆ ಮತ್ತು ಉಳಿದವರು ಹಳಿಯಾಚೆಯ ಕಟ್ಟೆಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರು. ಈಗ ಯಾರೂ ತಮಾಷೆ ಮಾಡಲಿಲ್ಲ. ತಮ್ಮ ಜಾಗದಲ್ಲಿ ಬೇರೆಯವರ ಕಾಲುಗಳು ಹಲಗೆಯ ಮೇಲೆ ಓಡಾಡುತ್ತಿದ್ದವು. ಆ ಹಲಗೆ ಎಲ್ಲಿ ಬಾಗುತ್ತದೆ, ಎಲ್ಲಿ ಜಾರುತ್ತದೆ ಎಂದು ಇವರಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. “ಎಡಕ್ಕೆ, ಎಡಕ್ಕೆ ಇಡಪ್ಪಾ ಕಾಲು,” ಎಂದು ಅಜ್ಜ ತಡೆಯಲಾರದೆ ಕೂಗಿದ.

ಕಾಲು ಎಡಕ್ಕೆ ಇಟ್ಟವನು ನಡುವಯಸ್ಸಿನ ಒಬ್ಬ ಗಿಡ್ಡ. ಚೀಲ ಹೊತ್ತುಕೊಂಡೇ ಕಟ್ಟೆಯ ಹತ್ತಿರಕ್ಕೆ ಬಂದು ನಿಂತ. ಹೀಗೆ ಹಗಲುಹೊತ್ತು ಕೂತ ಹಮಾಲರನ್ನು ಅವನು ನೋಡಿರಲಿಲ್ಲ.

“ಯಾಕ್ರಣ್ಣಾ, ನಿಮ್ಮನ್ನ ತೆಗೆದು ಹಾಕಿದ್ರಾ?”

“ಇಲ್ಲ. ರಜೆ.”

“ರಜೆನಾ?” ಆ ಮಾತನ್ನು ಅವನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡ. “ಎಲ್ಲರಿಗೂನಾ? ಎಷ್ಟು ದಿನ?”

ತೂತು ಚೀಲ ಇದಕ್ಕಾಗಿಯೇ ಕಾದಿದ್ದ. ಭಾಷಣ, ಪೇಪರು, ತೆಂಗಿನಕಾಯಿ, ಮಂಚದ ಸಾಲು, ಮಂಡಿ ಊರುವ ಮಾತು, ಎಲ್ಲವನ್ನೂ ಒಂದೇ ಉಸಿರಿಗೆ ಸುರಿದ. ಗಿಡ್ಡನ ಹಿಂದೆ ಇನ್ನೊಬ್ಬ ಬಂದು ನಿಂತ, ಅವನ ಹಿಂದೆ ಮತ್ತಿಬ್ಬರು. ಎಲ್ಲರ ಬೆನ್ನ ಮೇಲೂ ಚೀಲಗಳಿದ್ದವು. ಕುರ್ಚಿಯಿಂದ ಧಣಿ ಏನೋ ಕೂಗಿದ. ಮೇಸ್ತ್ರಿ ಕೋಲು ಹಿಡಿದು ಇತ್ತ ಓಡಿಬರತೊಡಗಿದ.

“ನನಗೆ ಐದು ಮಕ್ಕಳು,” ಅಂದ ಗಿಡ್ಡ, ಒಂಟೆಯ ಮುಖ ನೋಡುತ್ತ. “ನಮ್ಮವಳಿಗೂ ಆಗಲ್ಲ ಅಂದಿದಾರೆ. ನಿಜ ಹೇಳಣ್ಣಾ. ನೋವಾಗುತ್ತಾ?”

ಒಂಟೆ ಅವನ ಬೆನ್ನ ಮೇಲಿನ ಚೀಲ ನೋಡಿದ.

“ಚೀಲ ಹೊತ್ತಷ್ಟು ಆಗಲ್ಲ.”

ಗಿಡ್ಡ ಹೊರಳಿ ಹಲಗೆಯ ಕಡೆ ನಡೆದ. ಮೇಸ್ತ್ರಿ ಅವನನ್ನು ದಾಟಿ ಮುಂದೆ ಓಡಿಹೋಗಿ, ತಬ್ಬಿಬ್ಬಾಗಿ ನಿಂತ. ಗಿಡ್ಡ ಎಡಕ್ಕೆ ಕಾಲಿಡುತ್ತ ಹಲಗೆ ಏರಿ, ಬೆನ್ನ ಮೇಲಿನ ಚೀಲವನ್ನು ಅದು ಬಂದ ಡಬ್ಬಿಯೊಳಕ್ಕೇ ಹಿಂದಕ್ಕೆ ಎತ್ತಿ ಎಸೆದ. ಭುಗ್ಗನೆ ಎದ್ದ ಧೂಳು ಧಣಿಯ ಇಸ್ತ್ರಿ ಅಂಗಿಯ ಮೇಲೆ ಇಳಿಯುತ್ತಿದ್ದಂತೆ, ಗಿಡ್ಡನ ಹಿಂದಿನವನೂ ತನ್ನ ಚೀಲದೊಂದಿಗೆ ಹಲಗೆ ಏರಿದ.